ಒಂದೂವರೆಯ ಭೋಂಗಾ

2023ರಲ್ಲಿ ನಾನು ಧಾರವಾಡದ ಒಂದು ಪ್ರಕಾಶನಕ್ಕೆ ದಾಂಡೇಲಿಯ ನನ್ನ ಮನೆಯಿಂದಲೇ ಕಾಪಿ ಎಡಿಟರ್ ಆಗಿ ಕೆಲಸ ಮಾಡುತ್ತಿದ್ದೆ. ಹಸ್ತಪ್ರತಿಯ ತಪ್ಪು ತಿದ್ದಬೇಕು, ಸಡಿಲ ವಾಕ್ಯಗಳನ್ನು ಬಿಗಿ ಮಾಡಬೇಕು. ಪುಸ್ತಕ ಚೆನ್ನಾಗಿಲ್ಲ ಎನಿಸಿದರೆ ಅಚ್ಚಿಗೆ ಹೋಗುವ ಮೊದಲೇ ಲೇಖಕರಿಗೆ ಹೇಳಬೇಕು. ಆ ಕೊನೆಯ ಕೆಲಸವನ್ನು ನಾನು ಒಮ್ಮೆ ಮಾಡಲಿಲ್ಲ.

ಲೇಖಕ ಬಸವಂತ ಟಿವಿಯ ಹಾಸ್ಯ ಕಾರ್ಯಕ್ರಮವೊಂದರ ನಿರೂಪಕ. ನಮ್ಮೂರಿನ ಕಾಗದ ಕಾರ್ಖಾನೆಯಲ್ಲಿ ದುಡಿದವರ ಮಗ. ಪರದೆಯ ಮೇಲೆ ಅವರು ಹುಬ್ಬು ಏರಿಸಿದರೆ ಸಾಕು, ನಾನು ನಗುತ್ತಿದ್ದೆ. ಹಸ್ತಪ್ರತಿಯಲ್ಲಿ ಆ ಹುಬ್ಬು ಇರಲಿಲ್ಲ. ನೂರಾ ಹನ್ನೆರಡು ಪುಟ: ಹೆಂಡತಿಯ ಅಡುಗೆ, ಮಾವನ ಹೊಟ್ಟೆ, ಮತ್ತೆ ಹೆಂಡತಿಯ ಅಡುಗೆ. ಎಪ್ಪತ್ತನೆಯ ಪುಟದಲ್ಲಿ ಒಮ್ಮೆ ನಕ್ಕ ನೆನಪು. ನಾನು ಆಗ ಬರೆದಿಟ್ಟ ದಿನಚರಿಯಲ್ಲಿ ಮಾತ್ರ ‘ನಗಲಿಲ್ಲ’ ಎಂದಿದೆ.

ಅವರು ಫೋನ್ ಮಾಡಿದರು. “ಖರೇ ಹೇಳ್ರಿ ಮೇಡಂ, ಹೆಂಗೈತಿ? ಶೋ ಬಂದ್ ಆತು. ಕೈಯಾಗ ಉಳದದ್ದು ಇದೊಂದ.”

“ಚಲೋ ಬಂದೈತ್ರಿ,” ಎಂದುಬಿಟ್ಟೆ.

ಬಿಡುಗಡೆಯನ್ನು ಅವರು ದಾಂಡೇಲಿಯಲ್ಲೇ ಇಟ್ಟುಕೊಂಡರು. ಅಂದಿನಿಂದ ನನಗೆ ಒಂದೇ ಹೆದರಿಕೆ. ಇಡೀ ಸಭಾಂಗಣ ಸುಮ್ಮನೆ ಕೂತರೆ ಅವರು ಮೊದಲು ನೋಡುವುದು ನನ್ನ ಮುಖವನ್ನೇ.

ಹಾಗೇ ಆಯಿತು. ಮಧ್ಯಾಹ್ನ ಹನ್ನೆರಡೂವರೆಗೆ ಓದು ಶುರುವಾಯಿತು. ಟಿವಿಯಲ್ಲಿ ನಗು ಕೇಳಿಸುತ್ತಿದ್ದ ಜಾಗಗಳಲ್ಲೆಲ್ಲ ಬಸವಂತ ನಿಲ್ಲಿಸಿ ಕಾಯುತ್ತಿದ್ದರು. ಫ್ಯಾನಿನ ಕಟಕಟ ಮಾತ್ರ ಕೇಳುತ್ತಿತ್ತು. ಎರಡನೆಯ ಸಾಲಿನಲ್ಲಿದ್ದ ನನ್ನತ್ತ ಅವರು ನೋಡಿದರು. ನಾನು ನಕ್ಕೆ, ಒಬ್ಬಳೇ.

ಅಷ್ಟರಲ್ಲಿ ಭೋಂಗಾ ಕೂಗಿತು. ಎರಡು ಗಂಟೆಯ ಪಾಳಿಯವರು ಕೆಲಸಕ್ಕೆ ಹೊರಡಲೆಂದು ಒಂದೂವರೆಗೆ ಆಗುವ ಕಾರ್ಖಾನೆಯ ಸೈರನ್ ಅದು. ಅರ್ಧ ಸಭೆ ಒಟ್ಟಿಗೇ ಎದ್ದಿತು. ಬಸವಂತ ಓದು ನಿಲ್ಲಿಸಿ ಪುಸ್ತಕ ಮುಚ್ಚತೊಡಗಿದರು. ವೇದಿಕೆಯ ಹತ್ತಿರ ಓಡಿ, “ಡ್ಯೂಟಿಗೆ ಹೊಂಟಾರ್ರಿ, ಅಷ್ಟ!” ಎಂದೆ.

ಅವರ ಮುಖ ಅರಳಿತು. “ಹೌದಲ್ರಿ! ನಮ್ಮಪ್ಪನೂ ಉಂಡ ಕೈಲೇ ಎದ್ದು ಓಡತಿದ್ದ.”

ಕಾರ್ಯಕ್ರಮ ಬೇಗ ಮುಗಿಯಿತು. ಹೊರಗೆ ಬಂದರೆ, ಎದ್ದುಹೋದವರಲ್ಲಿ ಏಳೆಂಟು ಮಂದಿ ಚಹಾ ಅಂಗಡಿಯಲ್ಲಿ ನಿಂತಿದ್ದರು. ನಡುವೆ ನಮ್ಮ ಓಣಿಯ ಈರಪ್ಪ.

“ಡ್ಯೂಟಿಗೆ ಹೋಗಲಿಲ್ಲೇನ್ರಿ?”

“ಎಲ್ಲೀ ಡ್ಯೂಟಿ ಅಕ್ಕಾರ? ನಾ ರಿಟೈರ್ ಆಗಿ ಆರ ವರ್ಷ ಆತು!” ಈರಪ್ಪ ನಕ್ಕರು. “ನಡುವ ಎದ್ದ ಬಂದ್ರ ನಮ್ಮ ಹುಡುಗನ ಮನಸ್ಸು ಮುರೀತಿತ್ತು. ಭೋಂಗಾ ಆಗೂತನಕಾ ಹಲ್ಲ ಕಚ್ಚಿ ಕುಂತ್ವಿ. ಏನ್ ಬರದಾನ್ರಿ ಅದನ್ನ, ಯಾರೂ ಹೇಳಲಿಲ್ಲೇನು ಅವಗ?”

ಈರಪ್ಪನವರ ಕಣ್ಣು ನನ್ನ ಭುಜದಾಚೆ ಹೋಯಿತು. ಅವರ ನಗು ನಿಂತಿತು. ನನಗೆ ತಿರುಗಲು ಧೈರ್ಯವಾಗಲಿಲ್ಲ. ಹಿಂದಿನಿಂದ ಬಸವಂತರ ಧ್ವನಿ ಬಂತು: “ಮೇಡಂ, ಇದನ್ನ ಅವತ್ತ ಫೋನಿನ್ಯಾಗ ನೀವ ಹೇಳಿದ್ರ, ನಾ ಇವರ ಮುಂದ ನಿಂದರತಿದ್ದಿಲ್ಲ.”

ದಿನಚರಿಯಲ್ಲಿ ಈ ಮಾತು ಹೀಗೇ ಇದೆ. ದನಿಯಲ್ಲಿ ಸಿಟ್ಟಿತ್ತೋ ದಣಿವಿತ್ತೋ ಬರೆದುಕೊಂಡಿಲ್ಲ. ನೆನಪು ಹೇಳುವುದನ್ನು ನಾನು ಪೂರ್ತಿ ನಂಬುವುದಿಲ್ಲ.

ಈರಪ್ಪನವರ ದಾಕ್ಷಿಣ್ಯ ಭೋಂಗಾದೊಂದಿಗೆ ಮುಗಿದಿತ್ತು. ನನ್ನದು ಬಸವಂತರ ಹೆಸರಿನಲ್ಲಿ ಅಚ್ಚಾಗಿತ್ತು. ಈಗಲೂ ಲೇಖಕರು “ಹೆಂಗೈತಿ?” ಎಂದು ಕೇಳಿದಾಗ ನನ್ನ ಬಾಯಿ ಒಣಗುತ್ತದೆ. ನೀರು ಕುಡಿದು, ಹೆದರುತ್ತಲೇ ಇದ್ದದ್ದನ್ನು ಹೇಳುತ್ತೇನೆ, ಪೆನ್ಸಿಲ್ ಇನ್ನೂ ಕೈಯಲ್ಲಿರುವಾಗಲೇ.