ಮಾಳಿಗೆಯ ಮೇಲೆ ಗಳ ಹಿಡಿದು ನಿಂತ ಅತ್ತಿ

ಆಕೆಯ ಬಲಗೈ ಮೊಣಕೈವರೆಗೆ ಕೆಂಪು, ಎಡಗೈ ನೀಲಿ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಬಣ್ಣ ಹೋಗುತ್ತಿರಲಿಲ್ಲ. ನಾನು ಮದುವೆಯಾಗಿ ಮುಧೋಳದಿಂದ ಬನಹಟ್ಟಿಗೆ ಬಂದ ದಿನ ನನ್ನ ಗದ್ದ ಹಿಡಿದು ಎತ್ತಿದ್ದು ಆ ಕೆಂಪು ಕೈ. "ಮಾರಿ ಛಲೋ ಐತಿ. ದನಿ ಹೆಂಗೈತಿ ಕೇಳೂಣು, ಮಾತಾಡ ತಂಗಿ" ಎಂದಳು. ನಾನು ತುಟಿ ಬಿಚ್ಚಲಿಲ್ಲ. ಮಾವನವರ ಎದುರು ಹೊಸ ಸೊಸೆ ಬಾಯಿ ತೆಗೆಯುವುದುಂಟೇ?

ಆಕೆ ನನ್ನ ಸ್ವಂತ ಅತ್ತೆಯಲ್ಲ. ಎದುರುಮನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವಳು. ಗಂಡ ತೀರಿಕೊಂಡ ಮೇಲೆ ಆ ಕೆಲಸವನ್ನು ತಾನೇ ಎತ್ತಿಕೊಂಡಿದ್ದಳು. ಓಣಿಗೆಲ್ಲ ಬಣ್ಣದ ಅತ್ತಿ. ಬಾಯಿ ಬಲು ಜೋರು. ಒಂದು ಎಳೆ ನೂಲು ನೆಲಕ್ಕೆ ತಾಗಿದರೂ ಆಳುಗಳ ಮೈಚಳಿ ಬಿಡಿಸುತ್ತಿದ್ದಳು. ಖಾಲಿ ಹಗ್ಗ ಕಂಡರೆ ಆಕೆಗೆ ತಡೆಯುತ್ತಿರಲಿಲ್ಲ, ಯಾರದೇ ಆಗಿರಲಿ, ಒದ್ದೆ ನೂಲಿನ ಲಡಿಗಳನ್ನು ಹರವಿಬಿಡುತ್ತಿದ್ದಳು. ನಮ್ಮ ಅಂಗಳದಲ್ಲಿ ಸೀರೆ ಒಣಹಾಕಲು ನನಗೆ ಜಾಗವೇ ಸಿಗುತ್ತಿರಲಿಲ್ಲ.

ಸಂಸ್ಥಾನದ ಕಾಲ, ಯುದ್ಧದ ದಿನಗಳು. ನೂಲಿನ ವ್ಯಾಪಾರಿಗಳಾದ ಮಾವನವರು ಸೊಲ್ಲಾಪುರದಿಂದ ಬ್ಯಾಟರಿಯ ರೇಡಿಯೋ ತಂದಿದ್ದರು. ಓಣಿಗೆ ಅದೊಂದೇ. ಅದರ ತಿರುಪು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಮಾಳಿಗೆಯ ಮೇಲೆ ಎರಡು ಬಿದಿರಿನ ಗಳ ನೆಟ್ಟು, ನಡುವೆ ತಾಮ್ರದ ತಂತಿ ಎಳೆದು, ಅದರ ಒಂದು ತುದಿಯನ್ನು ಕಿಟಕಿಯಿಂದ ಪಡಸಾಲೆಗೆ ಇಳಿಸಿದ್ದರು. ಅದಕ್ಕೆ ಏರಿಯಲ್ ಎನ್ನುತ್ತಿದ್ದರು. ಏರಿಯಲ್ ಏನೋ ಇತ್ತು, ಆದರೆ ಮುಂಬೈ ಮಾತ್ರ ಕಾಯಿಸಿದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು.

ಹೀಗಿರುವಾಗ ಮುಂಬೈಯಿಂದ ಬಂದವರೊಬ್ಬರು ಸುದ್ದಿ ತಂದರು. ಅತ್ತಿಯ ಒಬ್ಬಳೇ ಮಗಳು ಬರುವ ವಾರ ಸಂಜೆಮುಂದೆ ರೇಡಿಯೋದಲ್ಲಿ ಹಾಡುತ್ತಾಳಂತೆ, ಕನ್ನಡದ್ದೇ ಹಾಡು! ಮದುವೆಯಾಗಿ ಮುಂಬೈಗೆ ಹೋದವಳು ಯುದ್ಧದ ಗದ್ದಲದಲ್ಲಿ ತವರಿಗೆ ಬಂದೇ ಇರಲಿಲ್ಲ. ಮಗಳ ದನಿ ಕೇಳದೆ ಅತ್ತಿ ಒಳಗೊಳಗೇ ಬತ್ತಿದ್ದಳು ಎಂದು ಆ ಹೊತ್ತು ಆಕೆಯ ಮುಖ ನೋಡಿದಾಗಲೇ ನನಗೆ ತಿಳಿದದ್ದು.

"ಅಣ್ಣಾರ, ನಿಮ್ಮ ಪೆಟಗಿ ಗೊರಗೊರ ಅಂದ್ರ ನಾ ಸುಮ್ಮನ ಬಿಡಾಂಗಿಲ್ಲ ಮತ್ತ!" ಎಂದು ಮಾವನವರಿಗೇ ತಾಕೀತು ಮಾಡಿ ಸೆರಗು ಕಟ್ಟಿ ಮಾಳಿಗೆ ಏರಿದಳು. ಅಂದಿನಿಂದ ದಿನಾ ಸಂಜೆ ಅದೇ ಸಂಭ್ರಮ. ಮೇಲೆ ಅತ್ತಿ ಆಳುಗಳಿಂದ ಗಳ ಕೀಳಿಸಿ ಅತ್ತ ನೆಡಿಸುವಳು, ಇತ್ತ ನೆಡಿಸುವಳು. ಕೆಳಗೆ ಮಾವನವರು ತಿರುಪು ತಿರುವುವರು. ಅಂಗಳದ ನಡುವೆ ನಾನು. ದನಿ ಬಂದರೆ ಕೈ ಎತ್ತಬೇಕು, ಹೋದರೆ ಇಳಿಸಬೇಕು, ಬಾಯಿ ಮಾತ್ರ ತೆರೆಯಬಾರದು. ಮುಂಬೈ ಇರುವ ದಿಕ್ಕಿಗೇ ತಂತಿ ಎಳೆದರು, ಬರಲಿಲ್ಲ. ಅಡ್ಡ ಎಳೆದರು. ಅತ್ತಿ ಮಗ್ಗದ ಹಾಸು ಬಿಗಿದಂತೆ ಬಿಗಿದಳು ನೋಡಿ, ಮುಂಬೈ ಪಕ್ಕದ ಮನೆಯಲ್ಲೇ ಮಾತಾಡಿದಂತೆ ಕೇಳಿಸಿತು! ನಾನು ಎರಡೂ ಕೈ ಎತ್ತಿ ಕುಣಿದುಬಿಟ್ಟೆ. ಮಾವನವರು ನೋಡಿಯೂ ನೋಡದವರಂತೆ ಮೀಸೆಯಲ್ಲೇ ನಕ್ಕರು.

ಆ ದಿನ ಬಂತು. ಪಡಸಾಲೆ ಹೆಂಗಸರಿಂದ ತುಂಬಿತು. ಅತ್ತಿ ಹೊಸ ಇಳಕಲ್ಲ ಸೀರೆ ಉಟ್ಟು ರೇಡಿಯೋದ ಮುಂದೆ ಕುಂತಿದ್ದಳು. ಮಾವನವರು ತಿರುಪು ತಿರುವಿದರು. ಬರೀ ಸೊಂಯ್ ಎಂಬ ಸದ್ದು. ಪೆಟ್ಟಿಗೆ ತಟ್ಟಿದರು, ಅದೇ ಸದ್ದು. ಅತ್ತಿ ಗಕ್ಕನೆ ತಲೆ ಮೇಲೆ ಕೈ ಹೊತ್ತಳು.

"ಅಯ್ಯೋ ಶಿವನ! ಮುಂಜಾನೆ ಲಡಿ ಹಾಕೇನಿ!"

ಹೌದು, ತಾನೇ ಬಿಗಿದ ತಂತಿಯ ಮೇಲೆ ತಾನೇ ಒದ್ದೆ ಲಡಿ ಹರವಿದ್ದಳು! ಮಗಳ ಗುಂಗಿನಲ್ಲಿ ಮಾಳಿಗೆಗೆ ಹೋದವಳಿಗೆ ಬಿಸಿಲಲ್ಲಿ ಬಿಗಿಯಾದ ಖಾಲಿ ಎಳೆ ಕಂಡಿತ್ತು. ಕೈ ತಡೆದಿರಲಿಲ್ಲ. ಆಕೆ ಮೆಟ್ಟಿಲು ಹಾರಿದಳು, ಹಿಂದೆಯೇ ನಾನು. ಭಾರಕ್ಕೆ ಒಂದು ಗಳ ವಾಲಿ ತಂತಿ ಗೋಡೆಗೆ ಬಿದ್ದಿತ್ತು. ಒಂದು ಎಳೆಗೆ ಊರೆಲ್ಲ ಒಂದು ಮಾಡುತ್ತಿದ್ದವಳು ಕೆಂಪು ಲಡಿಗಳನ್ನು ಕಿತ್ತು ಕಿತ್ತು ಓಣಿಯ ಧೂಳಿಗೆ ಎಸೆದಳು. ಗಳವನ್ನು ಎರಡೂ ಕೈಯಿಂದ ಎತ್ತಿ ನಿಂತಳು.

ಕೆಳಗೆ ಹಾಡು ಹೊಮ್ಮಿತು, ಹೆಂಗಸರು ಕೂಗಿ ಹೇಳಿದರು!

ಮಾವನವರು ಓಡಿ ಮೇಲೆ ಬಂದರು. "ಕೊಡ್ರಿ ಅಕ್ಕಾರ, ನಾ ಹಿಡೀತೇನಿ. ನೀವು ಹೋಗ್ರಿ" ಎಂದು ಗಳಕ್ಕೆ ಕೈ ಹಾಕಿದರು. ಗಳ ಕದಲಿತು, ಕೆಳಗೆ ದನಿ ಹೋಯಿತು. ಹೆಂಗಸರೆಲ್ಲ ಹೋ ಎಂದರು. ಅತ್ತಿ ಮತ್ತೆ ಬಿಗಿದಾಗ ದನಿ ಬಂತು.

"ಬಿಡ್ರಿ ಅಣ್ಣಾರ, ಮುಟ್ಟಬ್ಯಾಡ್ರಿ! ಕೂಸಿನ ಹಾಡು ಮುರದೀತು. ನೀವಾರ ಕೇಳ್ರಿ."

ನಾನು ಕೆಳಗೆ ಓಡಿದೆ. ಮುಂಬೈಯಿಂದ ಬರುತ್ತಿದ್ದದ್ದು ನಮ್ಮ ಕಡೆಯ ಬೀಸುವ ಹಾಡು, ನನಗೂ ಬರುವಂಥದ್ದೇ. ಓಣಿಯೆಲ್ಲ ಪಡಸಾಲೆಯಲ್ಲಿ ಕುಂತು ಕೇಳುತ್ತಿದೆ, ಮಾಳಿಗೆಗೆ ದನಿ ಏರದೆ ತಾಯಿಗೊಬ್ಬಳಿಗೆ ಇಲ್ಲ! ಮೇಲಿನಿಂದ ಆಕೆ ಕೂಗಿದಳು: "ಏನ ಹಾಡಾಕತ್ತಾಳ ಬೇ? ಹೆಂಗ ಹಾಡಾಕತ್ತಾಳ?"

ಅದಕ್ಕೆ ಕೈ ಎತ್ತಿ ತೋರಿಸಿದರೆ ಏನು ತಿಳಿದೀತು? ನಾನು ಅಂಗಳಕ್ಕೆ ಬಂದು, ಕಿಟಕಿಗೆ ಕಿವಿಯಿಟ್ಟು, ಅವಳು ಹಾಡಿದ ಒಂದೊಂದು ಸಾಲನ್ನೂ ಗಂಟಲು ಬಿಚ್ಚಿ ಹಾಡತೊಡಗಿದೆ. ಮಗಳು ಎಲ್ಲಿ ಎಳೆದಳೋ ಅಲ್ಲಿ ಎಳೆದೆ, ಎಲ್ಲಿ ಉಸಿರು ನಿಲ್ಲಿಸಿದಳೋ ಅಲ್ಲಿ ನಿಲ್ಲಿಸಿದೆ. ಮೆಟ್ಟಿಲ ಮೇಲೆ ಮಾವನವರು ನಿಂತೇ ಇದ್ದರು. ಆ ಮನೆಯಲ್ಲಿ ಅವರು ನನ್ನ ದನಿ ಕೇಳಿದ್ದು ಅದೇ ಮೊದಲು. ಮಾಳಿಗೆಯ ಮೇಲೆ ಅತ್ತಿ ಗಳವನ್ನು ಅಪ್ಪಿಕೊಂಡು, ಕಣ್ಣು ಮುಚ್ಚಿ, ನಗುತ್ತಿದ್ದಳು. ಕೆನ್ನೆ ತುಂಬ ನೀರು.

ಹಾಡು ಮುಗಿಯಿತು. ಆಗ ನೆನಪಾಗಿ ನಾನು ಸೆರಗನ್ನು ತಲೆಗೆ ಎಳೆದುಕೊಂಡೆ. ಮಾವನವರು ಇಳಿದು ಬಂದು, "ನಿನಗ ಇಷ್ಟ ಛಲೋ ದನಿ ಇರೂದು ನಮಗ ಗೊತ್ತ ಇರಲಿಲ್ಲ ತಂಗಿ" ಎಂದರು. ಅಷ್ಟೇ. ಆಮೇಲೆ ಆ ಮನೆಯಲ್ಲಿ ನಾನು ಮಾತಾಡಿದೆ, ಹಾಡಿದೆ, ಹೊತ್ತು ಬಂದಾಗ ಜಗಳವನ್ನೂ ಆಡಿದೆ. ಯಾರೂ ಬಾಯಿ ಮುಚ್ಚು ಎನ್ನಲಿಲ್ಲ.

ಮುಂದಿನ ಪಂಚಮಿಗೆ ಮಗಳು ತವರಿಗೆ ಬಂದಳು. ತಾಯಿಯ ಎದುರೇ ಕುಂತು ಅದೇ ಹಾಡು ಹಾಡಿದಳು. ಎಂಥ ಸೊಗಸಾದ ದನಿ! ಅತ್ತಿ ತಲೆದೂಗುತ್ತ ಕೇಳಿ ಮುಗಿಸಿ, ನನ್ನನ್ನು ತೋರಿಸಿ ಮಗಳಿಗೆ ಹೇಳಿದಳು: "ಛಲೋ ಹಾಡಿದಿ. ಆದರ ಅವತ್ತ ನೀ ಇಕಿ ಬಾಯಾಗ ಹಾಡಿದ್ದು ಇನ್ನೂ ಛಲೋ ಇತ್ತು ನೋಡು."

ಮಗಳು ಬಿದ್ದು ಬಿದ್ದು ನಕ್ಕಳು. ಅತ್ತಿ ಹೋಗಿ ಎಷ್ಟೋ ವರ್ಷವಾಯಿತು. ಆಕೆ ನನಗೆ ಹಾಡು ಕಲಿಸಿದವಳಲ್ಲ, ಸಾಕಿದವಳೂ ಅಲ್ಲ. ಆದರೂ ಹೆತ್ತವ್ವನನ್ನು ನೆನೆದಾಗ ಬಾರದ ಅಳು ಆಕೆಯನ್ನು ನೆನೆದರೆ ಬರುತ್ತದೆ.