ಒಂದು ವರ್ಷ ಸೂಜಿಯನ್ನೇ ನೋಡಿದೆವು

ಇವತ್ತು ನಮ್ಮ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಸವೆದ ಸೂಜಿಯೊಂದನ್ನು ಹಿಂದೆಮುಂದೆ ನೋಡದೆ ಕಸದ ಡಬ್ಬಿಗೆ ಹಾಕಿದಳು. ನನ್ನ ಕೈ ತಾನಾಗಿಯೇ ಡಬ್ಬಿಯ ಕಡೆ ಹೋಯಿತು. ನಗಬೇಡಿ. ಮಲೆಬೆನ್ನೂರಿನ ಹತ್ತಿರದ ಹಳ್ಳಿಯಿಂದ ಬಂದು ಮನೆಗೆ ಮೊದಲ ಡಿಗ್ರಿ ತಂದವಳು ನಾನು. ನಮ್ಮಪ್ಪ ಸೈಕಲ್ ಟ್ಯೂಬಿನ ತೇಪೆಗೂ ತೇಪೆ ಹಾಕುತ್ತಿದ್ದ. ಅಂಥ ಮನೆಯಲ್ಲಿ ಬೆಳೆದವರು ಸೂಜಿ ಬಿಸಾಡುತ್ತಾರೆಯೇ?

ಇದು ಬಟ್ಟೆ ಹೊಲಿಯುವ ಸೂಜಿಯಲ್ಲ ಅನ್ನಿ. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ಮೊನೆ, ಕಣ್ಣಿಗೆ ಕಾಣದಷ್ಟು ಚೂಪು. ಕತ್ತಲಲ್ಲಿ ಬೆರಳಾಡಿಸಿದಂತೆ ಅದು ವಸ್ತುವಿನ ಮೈ ಸವರುತ್ತದೆ. ಸಿಕ್ಕ ಉಬ್ಬುತಗ್ಗು ಚಿತ್ರವಾಗುತ್ತದೆ.

ವರ್ಷಗಳ ಹಿಂದೆ ದಾವಣಗೆರೆಯಲ್ಲಿ ನನ್ನ ಜೊತೆ ಸಂಶೋಧನೆಗಿದ್ದವಳು ರೇಣುಕಾ, ದಿನಾ ಹರಿಹರದಿಂದ ರೈಲಿನಲ್ಲಿ ಬರುವವಳು. ಅವಳು ಆರಿಸಿಕೊಂಡ ವಿಷಯ ಅವರ ಮನೆಯ ಮೊಸರು. ಆ ಹೆಪ್ಪು ಅವಳ ಅವ್ವನಿಗೆ ಮದುವೆಯಲ್ಲಿ ತವರಿನಿಂದ ಬಂದದ್ದು. ಅದರಿಂದ ಹೆಪ್ಪು ಹಾಕುವುದನ್ನು ಅವ್ವ ಒಂದು ದಿನವೂ ತಪ್ಪಿಸಿರಲಿಲ್ಲ. ಅದರೊಳಗಿನ ಬ್ಯಾಕ್ಟೀರಿಯಾದ ರೂಪವನ್ನು ಅವ್ವನಿಗೆ ತೋರಿಸಬೇಕೆಂಬುದು ರೇಣುಕಾಳ ಹಟ. ತೋರಿಸಿದಳು ಕೂಡ. ಚಿತ್ರದಲ್ಲಿ ಪ್ರತಿಯೊಂದಕ್ಕೂ ಬಲಗಡೆ ಅಂಥದೇ ಒಬ್ಬ ಜೊತೆಗಾರ.

"ಜೋಡಿ ಜೋಡಿ ಅದಾವಲ್ಲೇ," ಎಂದರು ಅವ್ವ. "ನಿಂಗಿಂತ ನಮ್ಮ ಹೆಪ್ಪಿಗೇ ಬುದ್ಧಿ ಐತೆ. ಒಂಟಿ ಇರಾಕೆ ಒಪ್ಪಿಲ್ಲ ನೋಡು."

ಹೊಸ ಜಾತಿಯೇ ಸಿಕ್ಕಿತೆಂದು ನಾವು ಬೀಗಿದೆವು. ವರ್ಷವಿಡೀ ಅದೇ ಮೊನೆ. ಉಳಿತಾಯ ಮಾಡಿದ ಹೆಮ್ಮೆ ಬೇರೆ.

ಒಂದು ದಿನ ನನಗೆ ಕಿರಿಕಿರಿಯಾಯಿತು. ಅವಳಿಗಳೆಲ್ಲ ಬಲಕ್ಕೇ ಯಾಕೆ? "ಸ್ಯಾಂಪಲ್ ಕಾಲುಸುತ್ತು ತಿರುಗ್ಸೇ ರೇಣು," ಎಂದೆ. ಜೋಡಿ ನಿಜವಾಗಿದ್ದರೆ ಸ್ಯಾಂಪಲ್ಲಿನೊಂದಿಗೆ ತಿರುಗಬೇಕು. ಬ್ಯಾಕ್ಟೀರಿಯಾಗಳು ತಿರುಗಿದವು. ಅವುಗಳ ಜೊತೆಗಾರರು ಮಾತ್ರ ಬಲಗಡೆಯೇ ನಿಂತಿದ್ದರು. ಮೊನೆ ಎಂದೋ ಸೀಳಿ ಎರಡಾಗಿ, ಒಂದೊಂದು ಜೀವವನ್ನೂ ಎರಡೆರಡು ಸಲ ಸವರುತ್ತಿತ್ತು.

ರೇಣುಕಾ ಆ ಮೊನೆಯನ್ನು ಕಳಚಿ ಪಕ್ಕಕ್ಕಿಟ್ಟಳು. ಆಮೇಲೆ, "ಹೋಗ್ಲಿ ಬಿಡು, ಹೊಸ ಸೂಜಿ ತರ್ಸಾಣ. ಮೊಸ್ರು ಮನ್ಯಾಗ ಐತಲ್ಲ," ಎಂದಳು. ಮನೆಯಲ್ಲಿ ಇದ್ದೇ ಇರುತ್ತದೆಂದು ಲ್ಯಾಬಿನ ಫ್ರೀಜರಿನಲ್ಲಿ ನಾವು ಒಂದು ಹನಿಯನ್ನೂ ತೆಗೆದಿಟ್ಟಿರಲಿಲ್ಲ.

ಹೊಸದು ಬರುವಷ್ಟರಲ್ಲಿ ಅವ್ವ ಜ್ವರ ಬಂದು ಆಸ್ಪತ್ರೆ ಸೇರಿದರು. ಪಕ್ಕದ ಮನೆಯಾಕೆ, ಪಾಪ, ಉಪಕಾರಕ್ಕೆಂದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ತಿಕ್ಕಿ ಬೋರಲು ಹಾಕಿದ್ದರು. ಮೊಸರಿನ ಗಡಿಗೆಯನ್ನೂ.

ರೇಣುಕಾ ಬೇರೆ ವಿಷಯ ಹಿಡಿದು ಡಾಕ್ಟರೇಟ್ ಮುಗಿಸಿದಳು. ಆ ಹೆಪ್ಪಿನ ನಿಜವಾದ ರೂಪವನ್ನು ಮಾತ್ರ ಯಾರೂ ನೋಡಲಿಲ್ಲ.

ಇವತ್ತು ಸಂಜೆ ಮನಸ್ಸು ತಡೆಯದೆ ಹರಿಹರದ ಬಸ್ಸು ಹತ್ತಿದೆ. ಅವ್ವ ಪಕ್ಕದ ಮನೆಯ ಹೆಪ್ಪಿನಿಂದ ಮಾಡಿದ ಮಜ್ಜಿಗೆ ಕೊಟ್ಟು ಎದುರಿಗೇ ಕುಳಿತರು.

"ಕುಡುದು ಖರೇ ಹೇಳವ್ವ. ಹಳೇದರ ರುಚಿ ಐತಾ? ನನ್ ನಾಲ್ಗಿಗೆ ಈಗ ತಿಳೆಂಗಿಲ್ಲ."

ಲೋಟ ತುಟಿಯ ಹತ್ತಿರವೇ ನಿಂತಿತು. ವರ್ಷವಿಡೀ ರೇಣುಕಾಳ ಕೈಯಿಂದ ಮೊಸರಿನ ಡಬ್ಬಿ ಇಸಿದುಕೊಂಡವಳು ನಾನು. ಅದರ ಮೊಸರನ್ನು ತೊಳೆದಿದ್ದೇನೆ, ಒಣಗಿಸಿದ್ದೇನೆ, ಮೊನೆಯ ಕೆಳಗಿಟ್ಟಿದ್ದೇನೆ. ಒಮ್ಮೆಯೂ ಬೆರಳದ್ದಿ ನೆಕ್ಕಿರಲಿಲ್ಲ.