ಅತ್ತೆಯ ಮನೆ ಕೆಡವಿದವರು

ಶಿಗ್ಗಾವಿಯ ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಬಂದವರ ಮುಖವನ್ನು ಇದ್ದದ್ದಕ್ಕಿಂತ ಸ್ವಲ್ಪ ಬೆಳ್ಳಗೆ ಮಾಡಿಕೊಡುವುದು ನನ್ನ ಉದ್ಯೋಗ. ಹಾಗಾಗಿ ಸುಳ್ಳಿನ ವಿಷಯದಲ್ಲಿ ನಾನೇನೂ ಅಮಾಯಕನಲ್ಲ.

ಒಂದು ಮಳೆಗಾಲದಲ್ಲಿ ದುಂಡಸಿಯ ನನ್ನ ಸೋದರತ್ತೆಯ ಮನೆಯ ಹಿಂದಿನ ಮಣ್ಣಿನ ಗೋಡೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ. ಗೋಡೆ ಬೀಳುವಾಗ ಎಲ್ಲರೂ ಮುಂದಿನ ಪಡಸಾಲೆಯಲ್ಲಿ ಚುರುಮುರಿ ತಿನ್ನುತ್ತಿದ್ದರು. ಅರ್ಧ ನಿಂತಿದ್ದ ಗೋಡೆಯನ್ನು ಅವಳ ಮಗನೇ ಗುದ್ದಲಿ ಹಿಡಿದು ಕೆಡವಿದ. ಸರ್ಕಾರದ ಮನೆಗೆ ಅರ್ಜಿ ಹಾಕಲು ಬಿದ್ದ ಮನೆಯ ಮುಂದೆ ಕೂತ ಫೋಟೋ ಬೇಕಿತ್ತು. ಕ್ಯಾಮೆರಾ ಹಿಡಿದು ಹೋದೆ. ಅತ್ತೆಗೆ ಫೋಟೋ ಅಂದರೆ ನಗು. ಮಣ್ಣಿನ ಗುಡ್ಡೆಯ ಮೇಲೆ ಕೂರಿಸಿದ ಮೇಲಂತೂ ತಡೆಯಲಾಗಲಿಲ್ಲ.

“ಅತ್ತಿ, ನಗಬ್ಯಾಡ. ನೀ ನಕ್ಕರ ಸಾಹೇಬ್ರು ಮನಿ ಕೊಡಂಗಿಲ್ಲ,” ಅಂದೆ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಆಗಲೇ ಕ್ಲಿಕ್ ಮಾಡಿದೆ. ಫೋಟೋ ಎಷ್ಟು ಚೆಂದ ಬಂತೆಂದರೆ, ಅರ್ಜಿಗೆ ಅಂಟಿಸಿದ್ದು ಸಾಲದೆ ನನ್ನ ಮೊಬೈಲ್ ಸ್ಟೇಟಸ್ಸಿಗೂ ಹಾಕಿ ಕೆಳಗೆ ‘ಬದುಕು’ ಎಂದು ಬರೆದೆ. ನೋಡಿದವರು ಕೈಮುಗಿದ ಚಿತ್ರ ಕಳಿಸಿದರು. ನಾನು ಉಬ್ಬಿದೆ.

ಕೆಲವು ತಿಂಗಳಿಗೆ ಚುನಾವಣೆ ಬಂತು. ಒಂದು ಬೆಳಿಗ್ಗೆ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ್ದ ಮಾಸ್ತರು, ಈಗ ನಿವೃತ್ತರು, ನನಗೊಂದು ಸಂದೇಶ ಕಳಿಸಿದರು. ನೋಡಿದರೆ ನನ್ನ ಅತ್ತೆ. ‘ಹಾನಗಲ್ ತಾಲೂಕಿನಲ್ಲಿ ಮತ ಹಾಕಲು ಒಪ್ಪದ ಈ ತಾಯಿಯ ಮನೆಯನ್ನು ಆ ಪಕ್ಷದ ಗೂಂಡಾಗಳು ಕೆಡವಿದ್ದಾರೆ. ನಿಮ್ಮಲ್ಲಿ ರಕ್ತ ಹರಿಯುತ್ತಿದ್ದರೆ ಹತ್ತು ಜನಕ್ಕೆ ಕಳಿಸಿ.’ ಸರ್ ರಕ್ತ ಹರಿಯುವವರೇ. ಹತ್ತಲ್ಲ, ನಲವತ್ತು ಜನಕ್ಕೆ ಕಳಿಸಿದ್ದರು.

ದಿನಾ ಪೇಪರ್ ಓದಲು ಅವರು ಸ್ಟುಡಿಯೋಕ್ಕೇ ಬರುತ್ತಿದ್ದರು. ಅವತ್ತು ಬಂದ ಕೂಡಲೇ ಹೇಳಿದೆ. “ಸರ್, ಈ ಫೋಟೋ ತಗದಾಂವ ನಾನ. ಇಕಿ ನಮ್ಮ ಅತ್ತಿ. ಗ್ವಾಡಿ ಮಳಿಗೆ ಬಿದ್ದೈತಿ. ಇಕಿ ಅಳಾಕತ್ತಿಲ್ಲ, ನಗಾಕತ್ತಾಳ.”

ಸರ್ ಕನ್ನಡಕ ತೆಗೆದು ಒರೆಸಿದರು. “ಇರಬಹುದಪಾ. ಈ ಫೋಟೋ ಬ್ಯಾರೆ ಇರಬಹುದು. ಆದ್ರ ಅವರು ಅಂಥವರ ಹೌದಿಲ್ಲೋ?”

“ಅಂಥವರು ಇರಬಹುದ್ರಿ. ಆದ್ರ ಈ ಮನಿ ಕೆಡವಿಲ್ಲಲ್ರಿ.”

“ಇದನ್ನ ಕೆಡವಿಲ್ಲ ಅಂದ್ರ ಇನ್ನೊಂದು ಕೆಡವಿರ್ತಾರ,” ಎಂದು ಪೇಪರ್ ಬಿಡಿಸಿದರು. ಆಮೇಲೆ ಅದರ ಹಿಂದಿನಿಂದಲೇ ಕೇಳಿದರು, “ನೀ ಯಾವಾಗಿಂದ ಆ ಪಕ್ಷದ ಕಡೆ ಆದಿ?”

ಪ್ರಯೋಗ ಮಾಡಿ ನೋಡದೆ ಏನನ್ನೂ ನಂಬಬೇಡಿ ಎಂದು ಬೆತ್ತ ಹಿಡಿದು ಕಲಿಸಿದ ಮನುಷ್ಯ.

ವಾರ ಕಳೆಯುವುದರೊಳಗೆ ಸವಣೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯನಿಂದ ಅದೇ ಅತ್ತೆ ಮತ್ತೆ ಬಂದಳು. ಈಗ ಅವಳು ಹಿರೇಕೆರೂರಿನವಳು, ಮನೆ ಕೆಡವಿದ್ದು ಸರ್ ಮೆಚ್ಚುವ ಪಕ್ಷದವರು. ಅದನ್ನೂ ಸರ್‌ಗೆ ತೋರಿಸಿದೆ. ಅವರು ಫೋಟೋ ದೊಡ್ಡದು ಮಾಡಿ ಮೂಲೆಮೂಲೆ ನೋಡಿದರು.

“ಎಂಥಾ ನಾಚಿಗೇಡಿ ಮಂದಿ. ನೋಡಿಲ್ಲೆ, ಮಣ್ಣು ಹಸಿ ಐತಿ. ಇದು ಮಳಿಗೆ ಬಿದ್ದ ಗ್ವಾಡಿ. ಇಲ್ಲಿ ಗುದ್ದಲಿ ಗುರುತು ಅದಾವ, ಮನಿಯವರ ಕೆಡವ್ಯಾರ. ಜನಾ ಕಣ್ಣು ಮುಚಗೊಂಡು ಹೆಂಗ ನಂಬತಾರೋ ಏನೋ.”

ಒಂದು ಅಕ್ಷರವೂ ತಪ್ಪಿರಲಿಲ್ಲ. ಅವರ ವಿಜ್ಞಾನಕ್ಕೆ ತುಕ್ಕು ಹಿಡಿದಿರಲಿಲ್ಲ. ಯಾವಾಗ ಹೊರಗೆ ತೆಗೆಯಬೇಕು ಎನ್ನುವುದನ್ನು ಮಾತ್ರ ಅವರ ಪಕ್ಷ ತೀರ್ಮಾನಿಸುತ್ತಿತ್ತು. ಸವಣೂರಿನ ಗೆಳೆಯನೂ ಮೊದಲ ಸಂದೇಶ ಬಂದಾಗ ಹೀಗೇ ಪತ್ತೇದಾರಿಕೆ ಮಾಡಿದ್ದನಂತೆ.

ನಾನು ಒಳಗೊಳಗೇ ನಕ್ಕೆ, ಇವರಿಗಿಂತ ಮೇಲಿನವನು ಎಂದುಕೊಂಡೆ. ಅದೇ ವಾರ ನನಗಾಗದ ಒಬ್ಬ ಅಭ್ಯರ್ಥಿಯ ಮೇಲೆ ಒಂದು ಹೊಲಸು ಸುದ್ದಿ ಬಂತು. ಓದಿ ಮುಗಿಸುವ ಮೊದಲೇ ನನ್ನ ಹೆಬ್ಬೆರಳು ಅದನ್ನು ಐದು ಕಡೆ ಕಳಿಸಿಬಿಟ್ಟಿತ್ತು. ಸುಳ್ಳೆಂದು ಮರುದಿನ ಗೊತ್ತಾಯಿತು. ನನಗೆ ನಾಚಿಕೆಯಾಗಲಿಲ್ಲ, ಬೇಜಾರಾಯಿತು. ನಿಜವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂಬ ಬೇಜಾರು. ಆ ಐವರಿಗೆ ‘ಅದು ಸುಳ್ಳು’ ಎಂದು ನಾನು ಇವತ್ತಿನವರೆಗೂ ತಿಳಿಸಿಲ್ಲ.

ಅಷ್ಟರಲ್ಲಿ ಯಾರೋ ಅತ್ತೆಯ ಊರು ಪತ್ತೆ ಹಚ್ಚಿದ್ದರು. ಎರಡೂ ಪಕ್ಷದವರು ದುಂಡಸಿಗೆ ಸಾಂತ್ವನ ಹೇಳಲು ಬರತೊಡಗಿದರು. ಗಾಬರಿಯಿಂದ ಬಸ್ ಹತ್ತಿ ಹೋದೆ. ಅತ್ತೆ ಹೊಸ ಚಾಪೆ ಹಾಸಿ ಅವಲಕ್ಕಿ ಹಚ್ಚುತ್ತಿದ್ದಳು.

“ಅತ್ತಿ, ಗ್ವಾಡಿ ಮಳಿಗೆ ಬಿತ್ತು ಅಂತ ಹೇಳಬಾರದ?”

“ಹೇಳಿದೆಪಾ. ಮೊದ್ಲ ಬಂದವ್ರಿಗೆ ಖರೇನ ಹೇಳಿದೆ. ಪಾಪ, ಅಂಜ್ಯಾಳ, ಅದಕ್ಕ ಬಾಯಿ ಬಿಡವಲ್ಲಳು ಅಂದ್ರು. ಎರಡ್ನೇದವ್ರಿಗೆ ಮಗನ ಆಣಿ ಮಾಡಿ ಹೇಳಿದೆ. ಆಣಿ ಹಾಕೋವಷ್ಟು ಅಂಜಿಸ್ಯಾರ ಅಂತ ಅವ್ರ ಕಣ್ಣಾಗ ನೀರು ಬಂದ್ವು. ಮೂರ್ನೇದವ್ರು ಬಂದಾಗ ಸಾಕಾಗಿ ಹೂಂ ಅಂದೆ. ಸಮಾಧಾನ ಆಗಿ ಹೋದ್ರು.”

“ಯಾರು ಕೆಡವಿದ್ರು ಅಂತ ಹೇಳಿದಿ?”

“ನಾ ಯಾಕ ಹೇಳ್ಲಿ? ಅವ್ರ ಹೇಳ್ತಾರ. ನಾ ಅವಲಕ್ಕಿ ಕೊಡ್ತೇನಿ.”

ಫಲಿತಾಂಶ ಬಂದ ಮರುದಿನದಿಂದ ದುಂಡಸಿಗೆ ಯಾರೂ ಬರಲಿಲ್ಲ. ಆದರೆ ಅರ್ಜಿ ನಿಂತುಹೋಗಿತ್ತು. ಕಚೇರಿಯ ಸಾಹೇಬರು ತಮ್ಮ ಫೈಲಿನ ಫೋಟೋವನ್ನೇ ಮೊಬೈಲಿನಲ್ಲಿ ನೋಡಿ, “ಇದು ಗಲಾಟೆ ಕೇಸು, ಮಳಿದು ಅಲ್ಲ,” ಎಂದರಂತೆ. ನಾನು ಛಾಪಾ ಕಾಗದದ ಮೇಲೆ, ಗೋಡೆ ಬಿದ್ದದ್ದು ಮಳೆಯಿಂದ, ದುಃಖದಲ್ಲಿರುವಂತೆ ಕೂಡಲು ಹೇಳಿದವನು ನಾನೇ ಎಂದು ಬರೆದು ಸಹಿ ಮಾಡಿದೆ. ಸಾಹೇಬರು ಎರಡು ಸಲ ಓದಿ, ನನ್ನ ಮುಖ ನೋಡಿ, “ನಿಮಗ ಯಾರರ ಒತ್ತಾಯ ಮಾಡಿದ್ರೇನ್ರಿ?” ಎಂದು ಕೇಳಿದರು. ಕೊನೆಗೆ ದುಂಡಸಿಗೇ ಬಂದು ಮಣ್ಣು ಮುಟ್ಟಿ ನೋಡಿ ಮಂಜೂರು ಮಾಡಿದರು.

ಗೃಹಪ್ರವೇಶಕ್ಕೆ ಸರ್ ಅವರನ್ನೂ ಕರೆದಿದ್ದೆ. ಅವರು ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದುತ್ತ, ಹೊಸ ಗೋಡೆಯನ್ನು ಅಭಿಮಾನದಿಂದ ನೋಡಿದರು. “ನಮ್ಮ ಗುಂಪಿನವ್ರು ಆವತ್ತು ಬೆನ್ನು ಹತ್ತಿ ಎಲ್ಲಾ ಕಡೆ ಕಳಿಸಿದ್ದಕ್ಕ ನಿಮ್ಮ ಅತ್ತಿಗೆ ನ್ಯಾಯ ಸಿಕ್ತು ನೋಡು,” ಎಂದರು.

ಊಟದ ಮುಂದೆ ವಾದ ಬೇಡ ಎನಿಸಿತು. ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮುಂದಿನ ಸಾಲಿಗೆ ಬಡಿಸಲು ಹೋದೆ.